ಏಳು ಮಂದಿಯೂ ಸಂಸ್ಥೆ ಬಿಟ್ಟ ಮೇಲೆ ಗಾಟ್‌ಸೆವೆನ್ ತಂಡ ಉಳಿದಿದೆ ಎನ್ನಬಹುದೇ?

ಕಲ್ಸಂಕದ ಓದುಗ, ಉಡುಪಿ

ನನ್ನ ತಂಗಿಯ ಮಗಳು ಮಣಿಪಾಲದಲ್ಲಿ ಓದುತ್ತಿದ್ದಾಳೆ. ಕೊರಿಯಾದ ಗಾಟ್‌ಸೆವೆನ್ ತಂಡವೆಂದರೆ ಅವಳಿಗೆ ಪ್ರಾಣ. ಮೊನ್ನೆ ಮಾತಿಗೆ ಮಾತು ಬಂದು, "ಅದು ಒಡೆದುಹೋದ ತಂಡವಲ್ಲವೇ?" ಎಂದು ನಾನು ಕೇಳಿದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ನಾನು ಓದಿ ತಿಳಿದಿದ್ದು ಇಷ್ಟು: 2014ರ ಜನವರಿಯಲ್ಲಿ ಜೆವೈಪಿ ಎಂಟರ್‌ಟೈನ್‌ಮೆಂಟ್ ಸಂಸ್ಥೆಯಿಂದ ರಂಗಕ್ಕೆ ಬಂದ ಈ ಏಳು ಮಂದಿ, 2021ರ ಜನವರಿಯಲ್ಲಿ ಕರಾರಿನ ಅವಧಿ ಮುಗಿದಾಗ ಒಬ್ಬರೂ ಅದನ್ನು ಮುಂದುವರಿಸದೆ ಹೊರಬಂದು, ಒಬ್ಬೊಬ್ಬರು ಒಂದೊಂದು ಸಂಸ್ಥೆ ಸೇರಿದರು. ಹೀಗಾದ ಮೇಲೂ ತಂಡ ಇದೆ ಎನ್ನುವುದು ಅಭಿಮಾನದ ಮಾತೋ, ಅದಕ್ಕೆ ಆಧಾರವೂ ಇದೆಯೋ? ಎಲ್ಲ ತಂಡಗಳ ವಿಷಯದಲ್ಲಿಯೂ ಏಳನೆಯ ವರ್ಷದ ಮಾತು ಬರುವುದೇಕೆ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಬಲ್ಮಠ ರಸ್ತೆ, ಮಂಗಳೂರು

ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರ ಅದರೊಳಗೇ ಇದೆ. ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗವು 2009ರಲ್ಲಿ ಕಲಾವಿದರಿಗಾಗಿ ಮಾದರಿ ಕರಾರೊಂದನ್ನು ಹೊರಡಿಸಿ, ಏಳು ವರ್ಷಗಳ ಮಿತಿಯನ್ನು ಸೂಚಿಸಿತು. ಅದಕ್ಕೆ ಮೊದಲು ಕರಾರುಗಳು ಎಷ್ಟು ಉದ್ದವಾಗಿದ್ದವು ಎಂಬುದಕ್ಕೆ ಟಿವಿಎಕ್ಸ್‌ಕ್ಯೂ ತಂಡವೇ ಸಾಕ್ಷಿ: ಅದೇ ವರ್ಷ ಆ ತಂಡದ ಮೂವರು ತಮ್ಮ 13 ವರ್ಷಗಳ ಕರಾರನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಿದ್ದರು. ಹೀಗಾಗಿ ಏಳನೆಯ ವರ್ಷವೆಂದರೆ ಕಾಗದ ತೀರುವ ವರ್ಷ. ಅದರಲ್ಲಿ ಬೇರೆ ಗುಟ್ಟೇನೂ ಇಲ್ಲ.

ಕಾಗದ ತೀರಿದಾಗ ಕಲಾವಿದ ಸ್ವತಂತ್ರನಾಗುತ್ತಾನೆ, ಆದರೆ ತಂಡದ ಹೆಸರು ಸಾಮಾನ್ಯವಾಗಿ ಸಂಸ್ಥೆಯ ಸೊತ್ತಾಗಿಯೇ ಉಳಿಯುತ್ತದೆ. ಬೀಸ್ಟ್ ತಂಡದವರು 2016ರಲ್ಲಿ ತಮ್ಮ ಸಂಸ್ಥೆಯನ್ನು ಬಿಟ್ಟಾಗ ಹೆಸರನ್ನೂ ಅಲ್ಲಿಯೇ ಬಿಟ್ಟು ಬರಬೇಕಾಯಿತು. ಅದೇ ಜನ, ಅದೇ ಧ್ವನಿಗಳು 2017ರಲ್ಲಿ ಹೈಲೈಟ್ ಎಂಬ ಹೊಸ ಹೆಸರಿನಿಂದ ಮತ್ತೊಮ್ಮೆ ಪರಿಚಯ ಹೇಳಿಕೊಳ್ಳಬೇಕಾಯಿತು. 1998ರಲ್ಲಿ ಆರಂಭವಾದ ಶಿನ್ಹ್ವಾ ತಂಡವಂತೂ ತನ್ನ ಹೆಸರಿನ ಹಕ್ಕನ್ನು ಪೂರ್ತಿಯಾಗಿ ಪಡೆಯುವಷ್ಟರಲ್ಲಿ 2015 ಬಂದಿತ್ತು. ಗಾಟ್‌ಸೆವೆನ್ ಭಿನ್ನವಾಗುವುದು ಇಲ್ಲಿಯೇ. ನಾಯಕ ಜೇ ಬಿ ಹಳೆಯ ಸಂಸ್ಥೆಯೊಡನೆ ಮಾತನಾಡಿ, ಹೆಸರಿನ ಹಕ್ಕು ಸದಸ್ಯರ ಕೈಗೆ ಬರುವಂತೆ ಮಾಡಿದರು. 2022ರ ಮೇ ತಿಂಗಳಿನಲ್ಲಿ ವಾರ್ನರ್ ಮ್ಯೂಸಿಕ್ ಕೊರಿಯಾದ ಮೂಲಕ ಏಳು ಮಂದಿಯೂ ಹೊರತಂದ ಆಲ್ಬಂನ ಹೆಸರೇ ಗಾಟ್‌ಸೆವೆನ್. ಹೆಸರು ನಮ್ಮದು ಎಂದು ಸಾರುವುದಕ್ಕೆ ಇದಕ್ಕಿಂತ ನೇರವಾದ ದಾರಿ ಇರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಚೆಂಡೆ ಪೆಟ್ಟು, ಮೂಡುಬಿದಿರೆ

ಕೊರಿಯಾದ ಸಂಗೀತವನ್ನು ನಾನು ಮಗನ ಬಾಯಿಂದ ಕೇಳಿ ಬಲ್ಲೆನಷ್ಟೆ. ಆದರೆ ಈ ವ್ಯವಸ್ಥೆ ನಮ್ಮ ಊರಿಗೆ ಹೊಸದಲ್ಲ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಯಾವ ವೇಷಧಾರಿ ಮುಂದಿನ ತಿರುಗಾಟಕ್ಕೆ ಯಾವ ಮೇಳದಲ್ಲಿ ಎಂಬುದು ಪ್ರತಿವರ್ಷವೂ ನಮ್ಮಲ್ಲಿ ಚರ್ಚೆಯಾಗುತ್ತದೆ. ಮಳೆಗಾಲ ಬಂತೆಂದರೆ ಬೇರೆ ಬೇರೆ ಮೇಳಗಳ ಕಲಾವಿದರೇ ಒಂದು ತಾಳಮದ್ದಳೆಯ ಕೂಟದಲ್ಲಿ ಎದುರುಬದುರು ಕುಳಿತು ಅರ್ಥ ಹೇಳುತ್ತಾರೆ, ತಿರುಗಾಟ ಆರಂಭವಾದಾಗ ತಮ್ಮ ತಮ್ಮ ಮೇಳಕ್ಕೆ ಹಿಂತಿರುಗುತ್ತಾರೆ. ಗಾಟ್‌ಸೆವೆನ್‌ನ ಯುಗ್ಯೊಮ್ ಎಒಎಂಜಿ ಎಂಬ ಸಂಸ್ಥೆಯಲ್ಲಿ, ಜಿನ್ಯಂಗ್ ನಟನೆಗೆಂದು ಬಿಎಚ್ ಎಂಟರ್‌ಟೈನ್‌ಮೆಂಟ್‌ನಲ್ಲಿ, ಜಾಕ್ಸನ್ ತಾವೇ ಕಟ್ಟಿದ ಟೀಮ್ ವಾಂಗ್‌ನಲ್ಲಿ ದುಡಿಯುತ್ತ, ನಡುವೆ ಒಟ್ಟಾಗುವುದು ಇಂಥ ಕೂಟವೇ ಅಲ್ಲವೇ?

ಸುರತ್ಕಲ್ ಕಡಲು

ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧದವರೆಗೆ ಮಾತ್ರ ನಡೆಯುತ್ತದೆ. ನಮ್ಮ ಕೂಟ ಒಂದು ರಾತ್ರಿಯದು. ಮರುದಿನ ಅದಕ್ಕೊಂದು ಹೆಸರೂ ಇರುವುದಿಲ್ಲ, ಲೆಕ್ಕವೂ ಇರುವುದಿಲ್ಲ. ಏಳು ಮಂದಿಯ ಆಲ್ಬಂ ಎಂದರೆ ಅಷ್ಟೂ ಸಂಸ್ಥೆಗಳ ಕೆಲಸದ ದಿನಗಳು ಹೊಂದಬೇಕು, ಹಣ ಹಾಕುವ ಮತ್ತೊಂದು ಸಂಸ್ಥೆ ಸಿಗಬೇಕು, ಆದಾಯ ಹಂಚಿಕೆಯಾಗಬೇಕು. ಅಭ್ಯಾಸದ ಕೋಣೆಯಿಂದ ಪ್ರಚಾರದವರೆಗೆ ಎಲ್ಲವನ್ನೂ ಒಬ್ಬನೇ ಯಜಮಾನ ನೋಡಿಕೊಳ್ಳುತ್ತಿದ್ದ ಕಾಲದ ವೇಗ ಇದರಲ್ಲಿ ಬರುವುದು ಸಾಧ್ಯವೇ ಇಲ್ಲ.

ಇದರ ಮೇಲೆ ಸೈನ್ಯದ ಕಡ್ಡಾಯ ಸೇವೆಯನ್ನೂ ಸೇರಿಸಿಕೊಳ್ಳಬೇಕು. ಜೇ ಬಿ 2023ರ ಫೆಬ್ರುವರಿಯಲ್ಲಿ ಸೇವೆಗೆ ಹೋದರು, ಜಿನ್ಯಂಗ್ ಅದೇ ವರ್ಷದ ಮೇ ತಿಂಗಳಿನಲ್ಲಿ. ಇಬ್ಬರೂ ಹಿಂದಿರುಗಿದ್ದು 2024ರ ನವೆಂಬರ್‌ನಲ್ಲಿ. ಅಮೆರಿಕದ ಮಾರ್ಕ್, ಹಾಂಗ್‌ಕಾಂಗ್‌ನ ಜಾಕ್ಸನ್, ಥಾಯ್ಲೆಂಡ್‌ನ ಬ್ಯಾಮ್‌ಬ್ಯಾಮ್ ಅವರಿಗೆ ಕೊರಿಯಾದ ಈ ಕಾನೂನು ಅನ್ವಯಿಸುವುದಿಲ್ಲ. ಆದರೆ ಬ್ಯಾಮ್‌ಬ್ಯಾಮ್ 2018ರ ಏಪ್ರಿಲ್‌ನಲ್ಲಿ ತಮ್ಮದೇ ದೇಶದ ಸೈನ್ಯದ ಚೀಟಿ ಎತ್ತುವ ಸಾಲಿಗೆ ಹೋಗಬೇಕಾಗಿತ್ತು. ಸ್ವಇಚ್ಛೆಯಿಂದ ಸೇರಿದವರಿಂದಲೇ ಅಲ್ಲಿ ಬೇಕಾದ ಸಂಖ್ಯೆ ತುಂಬಿದ್ದರಿಂದ ಅವರು ಚೀಟಿ ಎತ್ತದೆಯೇ ಪಾರಾದರು. ಅಂದು ಸಂಖ್ಯೆ ತುಂಬದೆ ಚೀಟಿ ಬೇರೆಯಾಗಿ ಬಂದಿದ್ದರೆ, ತಂಡ ಒಳ್ಳೆಯ ಏರಿಕೆಯಲ್ಲಿದ್ದ ಕಾಲದಲ್ಲಿಯೇ ಒಬ್ಬರನ್ನು ಕಳೆದುಕೊಳ್ಳುತ್ತಿತ್ತು.

ಲೆಕ್ಕ ನೋಡಿದರೆ 2022ರ ಆಲ್ಬಂ ಆದ ಮೇಲೆ ಮುಂದಿನದಾದ ವಿಂಟರ್ ಹೆಪ್ಟಗಾನ್ ಬಂದದ್ದು 2025ರ ಜನವರಿ 20ರಂದು, ಅದೂ ಕಕಾವೊ ಎಂಟರ್‌ಟೈನ್‌ಮೆಂಟ್ ಎಂಬ ಇನ್ನೊಂದು ಸಂಸ್ಥೆಯ ಮೂಲಕ. ಎರಡೂವರೆ ವರ್ಷಕ್ಕೂ ಮೀರಿದ ಮೌನವನ್ನು ನಾನು ಕಡೆಗಣಿಸಲಾರೆ. ತಂಡ ಇದೆ, ಒಪ್ಪುತ್ತೇನೆ. ಆದರೆ ಅದು ಏಳು ಮಂದಿಯ ಮುಖ್ಯ ಉದ್ಯೋಗವಾಗಿ ಉಳಿದಿಲ್ಲ.

ಬಲ್ಮಠ ರಸ್ತೆ, ಮಂಗಳೂರು

ಮುಖ್ಯ ಉದ್ಯೋಗವಾಗಿಲ್ಲ ಎಂಬುದು ನಿಜ. ಆದರೆ 2025ರಲ್ಲಿ ಆ ಹೆಸರಿನಡಿಯಲ್ಲಿ ಬಂದವರು ಎಷ್ಟು ಮಂದಿ ಎಂದು ಕೇಳಿ: ಏಳಕ್ಕೆ ಏಳು. ಒಂದೇ ಸಂಸ್ಥೆಯಲ್ಲಿದ್ದೂ ಸದಸ್ಯರನ್ನು ಕಳೆದುಕೊಂಡ ತಂಡಗಳು ಎಷ್ಟಿಲ್ಲ! ಹೆಸರು ಸಂಸ್ಥೆಯ ಕೈಯಲ್ಲಿಯೇ ಇದ್ದಿದ್ದರೆ, ಇವರು ಎಷ್ಟು ಆಪ್ತರಾಗಿದ್ದರೂ ಹೊಸ ಹೆಸರನ್ನು ಹುಡುಕುವುದರಿಂದಲೇ ಆರಂಭಿಸಬೇಕಾಗುತ್ತಿತ್ತು.

ಕಲ್ಸಂಕದ ಓದುಗ, ಉಡುಪಿ

ಎಲ್ಲರಿಗೂ ವಂದನೆಗಳು. ಈ ಚರ್ಚೆಯನ್ನು ಅವಳಿಗೆ ತೋರಿಸಿ, "ಒಡೆದುಹೋದ" ಎಂಬ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. "ನಿಧಾನದ ತಂಡ" ಎಂದು ನಾನು ತಿದ್ದಿಕೊಂಡದ್ದಕ್ಕೆ ಅವಳ ಆಕ್ಷೇಪವಿಲ್ಲ. ಚೀಟಿಯ ಕಥೆ ಅವಳಿಗೆ ಮೊದಲೇ ಗೊತ್ತಿತ್ತಂತೆ. ತಾಳಮದ್ದಳೆಯ ಹೋಲಿಕೆಯನ್ನು ಮಾತ್ರ ಎರಡು ಸಲ ಓದಿ, ಹಾಗಾದರೆ ಭಾಗವತರ ಸ್ಥಾನದಲ್ಲಿ ಜೇ ಬಿಯೇ ಇರಬೇಕು ಎಂದು ತೀರ್ಮಾನಿಸಿದ್ದಾಳೆ.