ಚಕ್ರದ ಮೇಲಿನ ಉಬ್ಬು: ಮನೆ ಗುಂಪಿನಲ್ಲಿ ನಡೆದ ವಾದ

ತಮ್ಮ: [ಫೋಟೋ] ಹಳೇ ಪೋರ್ಷೆ 911. ಪೋರ್ಷೆ ಗಾಡಿಗಳನ್ನ ಮಾರ್ಪಡಿಸೋ ಜಪಾನಿನ ಅಕಿರಾ ನಕಾಯಿ ಕೈಯಲ್ಲಿ ಬಾಡಿ ಅಗಲ ಮಾಡಿಸಿಕೊಂಡು ವೈಡ್‌ಬಾಡಿ ಆಗಿರೋದು. ಹಿಂದಿನಿಂದ ನೋಡಿ ಒಂದ್ಸಲ! ನನ್ನ ಗಾಡಿಗೂ ಹೀಗೇ ಚಕ್ರದ ಮೇಲೆ ಉಬ್ಬಿದ ಫೆಂಡರ್ ಹಾಕಿಸ್ತೀನಿ.

ಚಿಕ್ಕಪ್ಪ: ಚೆನ್ನಾಗಿದ್ದ ಗಾಡಿಯ ತಗಡು ಕತ್ತರಿಸಿದ್ದಾರಲ್ಲೋ. ನೋಡೋಕೇ ಸಂಕಟ ಆಗುತ್ತೆ.

ಭಾವ: ಬೋಲ್ಟ್ ಎಲ್ಲ ಹೊರಗೇ ಕಾಣುತ್ತಿವೆ. ಕೆಲಸ ಅರ್ಧಕ್ಕೆ ಬಿಟ್ಟ ಹಾಗಿದೆ. ಬರೀ ಶೋಕಿ.

ನಾನು: ಭಾವ, ಬೋಲ್ಟ್ ವಿಷಯ ಮೊದಲು ಹೇಳಿಬಿಡ್ತೀನಿ. 1970ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಹಾರ್ಡ್‌ಟಾಪ್ ಹಿಂದಿನ ಚಕ್ರಗಳ ಮೇಲೆ ಬೋಲ್ಟ್ ಹಾಕಿದ ಫೆಂಡರ್ ಇಟ್ಟುಕೊಂಡೇ ಬಂತು. 1973ರ ಬಿಎಂಡಬ್ಲ್ಯೂ 2002 ಟರ್ಬೊ ಕೂಡ ಹಾಗೇ. ಎರಡೂ ಕಂಪನಿಯೇ ಮಾಡಿ ಮಾರಿದ ಗಾಡಿಗಳು. ಅಗಲದ ಟಯರ್ ಹಾಕಿದಾಗ ಅದು ಬಾಡಿಯಿಂದ ಆಚೆ ಬರುತ್ತೆ, ಅದಕ್ಕೆ ಮುಚ್ಚಳ ಬೇಕು. ಬೋಲ್ಟ್ ಇದ್ದರೆ ಇನ್ನೊಂದು ಲಾಭ. ಪಕ್ಕದ ಗಾಡಿ ಉಜ್ಜಿ ಫೆಂಡರ್ ಒಡೆದರೆ ಬಿಚ್ಚಿ ಬೇರೆ ಹಾಕಬಹುದು.

ಭಾವ: ಅದೆಲ್ಲ ರೇಸಿಗೆ ಸರಿ. ರಸ್ತೆ ಮೇಲೆ ಓಡೋ ಗಾಡಿಗೆ ಯಾಕೆ?

ನಾನು: ರೇಸಿಗೋಸ್ಕರವೇ ರಸ್ತೆ ಗಾಡಿ ಅಗಲ ಆಗಿದ್ದೂ ಉಂಟು. 1986ರಲ್ಲಿ ತಯಾರಾಗೋಕೆ ಶುರುವಾದ ಬಿಎಂಡಬ್ಲ್ಯೂ ಎಂ3 ತಗೊಳ್ಳಿ. ಗ್ರೂಪ್ ಎ ಅನ್ನೋ ವರ್ಗದ ರೇಸಿಗೆ ಇಳಿಸಬೇಕಾದರೆ 12 ತಿಂಗಳಲ್ಲಿ 5,000 ಗಾಡಿ ಮಾಡಲೇಬೇಕಿತ್ತು. ರೇಸಿಗೆ ಅಂತ ಆಮೇಲೆ ಬಾಡಿ ಅಗಲಿಸೋ ಹಾಗಿರಲಿಲ್ಲ. ಹಾಗಾಗಿ ಜನ ಕೊಳ್ಳುವ ಗಾಡಿಗೇ ಆ ಡಬ್ಬದಂಥ ಫೆಂಡರ್ ಬಂತು. ನನಗೆ ಅದರಷ್ಟು ಇಷ್ಟವಾದ ಫೆಂಡರ್ ಇನ್ನೊಂದಿಲ್ಲ. ಬಾಗಿಲ ಹತ್ತಿರ ತಗಡು ನೇರವಾಗಿರುತ್ತೆ. ಚಕ್ರ ಬರುತ್ತಿದ್ದ ಹಾಗೆ ಚೂಪಾದ ಅಂಚು ಹಿಡಿದು ಹೊರಗೆ ಬರುತ್ತೆ. ಸಂಜೆ ಬಿಸಿಲು ಅಡ್ಡ ಬಿದ್ದರೆ ಆ ಅಂಚಿನ ಕೆಳಗೆ ಗೆರೆ ಎಳೆದ ಹಾಗೆ ನೆರಳು. ಒಳಗೆ ಟಯರ್ ತುಂಬಿಕೊಂಡು ಕೂತಿರುತ್ತೆ.

ಅಕ್ಕ: ಚಕ್ರ ಅಗಲಕ್ಕೆ ಕೂತರೆ ಏನು ಲಾಭ? ನಿಜವಾಗಲೂ ಗೊತ್ತಿಲ್ಲ, ಕೇಳುತ್ತಿದ್ದೀನಿ.

ನಾನು: ತಿರುವಿನಲ್ಲಿ ಗಾಡಿಯ ಭಾರ ಹೊರಗಿನ ಚಕ್ರಗಳ ಮೇಲೆ ಬೀಳುತ್ತೆ ಅಲ್ವಾ ಅಕ್ಕ? ಎಡ, ಬಲ ಚಕ್ರಗಳ ನಡುವೆ ದೂರ ಜಾಸ್ತಿ ಇದ್ದಷ್ಟೂ ಹಾಗೆ ಬೀಳುವ ಭಾರ ಕಮ್ಮಿ. ಕಾಲು ಅಗಲಿಸಿ ನಿಂತವನನ್ನು ಪಕ್ಕದಿಂದ ತಳ್ಳಿ ನೋಡು. 1975ರ 911 ಟರ್ಬೊಗೆ 260 ಹಾರ್ಸ್‌ಪವರ್, ಅಷ್ಟೂ ಹಿಂದಿನ ಎರಡೇ ಚಕ್ರಕ್ಕೆ. ಅದಕ್ಕೇ ಅದರ ಹಿಂಭಾಗ ಅಷ್ಟು ದಪ್ಪ. ತೊಂದರೆಯೂ ಇದೆ. ಎದುರಿನ ಗಾಳಿ ಜಾಸ್ತಿ ತಡೆಯುತ್ತೆ. ಚಕ್ರ ತೀರಾ ಆಚೆ ಬಂದರೆ ಬೇರಿಂಗ್ ಬೇಗ ಸವೆಯುತ್ತೆ, ಹಳ್ಳ ಸಿಕ್ಕಾಗ ಸ್ಟೀರಿಂಗ್ ಕೈಯಲ್ಲಿ ಎಳೆಯುತ್ತೆ.

ಚಿಕ್ಕಪ್ಪ: ನನ್ನ ಮಾತಿಗೆ ಉತ್ತರ ಬರಲೇ ಇಲ್ಲ ಮಗಾ. ಕತ್ತರಿಸಿದ ತಗಡು ವಾಪಸ್ ಬರುತ್ತಾ?

ನಾನು: ಮುಂದಿನದು ಬರುತ್ತೆ ಚಿಕ್ಕಪ್ಪ. ಮುಂದಿನ ಫೆಂಡರ್ ಹೆಚ್ಚಿನ ಗಾಡಿಗಳಲ್ಲಿ ಬೋಲ್ಟ್ ಮೇಲೆ ನಿಂತಿರುತ್ತೆ. ಹಳೇದನ್ನು ಬಿಚ್ಚಿ ಇಟ್ಟುಕೊಂಡು ಯಾವಾಗ ಬೇಕಾದರೂ ಮತ್ತೆ ಹಾಕಬಹುದು. ಹಿಂದಿನದರ ವಿಷಯದಲ್ಲಿ ನೀವು ಹೇಳೋದು ಪೂರ್ತಿ ಸರಿ. ಅದು ಬಾಡಿಗೇ ವೆಲ್ಡ್ ಆಗಿರುತ್ತೆ. ಒಳಗೊಂದು, ಹೊರಗೊಂದು ಎರಡು ಪದರ, ಚಕ್ರದ ಅಂಚಿನಲ್ಲಿ ಕೂಡಿರುತ್ತವೆ. ಆ ಅಂಚು ಕತ್ತರಿಸಿದರೆ ಪದರಗಳ ನಡುವೆ ಬಾಯಿ ತೆರೆಯುತ್ತೆ. ಮತ್ತೆ ವೆಲ್ಡ್ ಮಾಡಿ, ಪ್ರೈಮರ್ ಹೊಡೆದು, ಸಂದು ಮುಚ್ಚೋ ಸೀಲಂಟ್ ತುಂಬದಿದ್ದರೆ ನೀರು, ಕೆಸರು ಒಳಗೆ ಸೇರಿ ತುಕ್ಕು ಹಿಡಿಯುತ್ತೆ. ಮೇಲೆ ಹಾಕಿದ ಫೈಬರ್ ಫೆಂಡರ್ ಹೊಳೆಯುತ್ತಲೇ ಇರುತ್ತೆ, ಒಳಗೆ ತಗಡು ಕರಗುತ್ತಿರುತ್ತೆ. ಒಂದು ಚೂರೂ ಬದಲಾಗದೆ ಉಳಿದಿರೋ ಅಪರೂಪದ ಗಾಡಿಗೆ ಗರಗಸ ಇಡಬಾರದು ಅಂತಲೇ ನನ್ನ ಅಭಿಪ್ರಾಯ ಕೂಡ.

ಚಿಕ್ಕಪ್ಪ: ಮತ್ತೆ ಈ ಫೋಟೋದಲ್ಲಿರೋದನ್ನ ಹೊಗಳುತ್ತಿದ್ದೀಯಲ್ಲ?

ನಾನು: ಹೌದು, ಹೊಗಳ್ತೀನಿ. ಫೋಟೋ ದೊಡ್ಡದು ಮಾಡಿ ನೋಡಿ. ಫೆಂಡರ್ ಬಾಡಿಗೆ ಸೇರುವ ಕಡೆ ಕಪ್ಪು ಸೀಲಂಟ್ ಗೆರೆ ಇದೆ. ನಕಾಯಿ ಅದನ್ನು ಬೆರಳಿನಲ್ಲೇ ಸವರಿ ಕೂರಿಸುತ್ತಾರೆ. ಗಾಡಿ ಇರುವ ದೇಶಕ್ಕೇ ಹೋಗಿ, ಕತ್ತರಿಸೋದು, ಜೋಡಿಸೋದು ಎರಡನ್ನೂ ಕೈಯಾರೆ ಮಾಡುತ್ತಾರೆ. ಟಯರ್ ಗೋಡೆಗೂ ಫೆಂಡರ್ ಅಂಚಿಗೂ ನಡುವೆ ಜಾಗವೇ ಕಾಣಲ್ಲ ನೋಡಿ. ನನಗೆ ಅದು ಮುಖ್ಯ. ಉಬ್ಬಿನ ಒಳಗೆ ಚಕ್ರ ತುಂಬಿರಬೇಕು.

ತಮ್ಮ: ನಾನು ಕತ್ತರಿಸೋದೇ ಇಲ್ಲಪ್ಪ. ಫೆಂಡರ್ ಮೇಲೆ ಅಂಟಿಸೋ ಉಬ್ಬು ಪಟ್ಟಿ, ಫ್ಲೇರ್ ಅಂತ ಸಿಗುತ್ತೆ, ಎರಡೂ ಕಡೆ ಅಂಟೋ ಟೇಪ್ ಇರೋದು. ಟಯರ್ ಇರೋದೇ ಇರಲಿ.

ನಾನು: ಬೇಡ ಕಣೋ. ದೊಡ್ಡ ಉಬ್ಬಿನೊಳಗೆ ಸಣ್ಣ ಚಕ್ರ ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತೆ. ಗಾಡಿ ಇನ್ನೂ ತೆಳ್ಳಗಿದೆ ಅನ್ನಿಸುತ್ತೆ.

ಭಾವ: ಈ ಮಾತು ಒಪ್ಪಿದೆ.

ತಮ್ಮ: ಹಾಗಾದ್ರೆ ಎಲ್ಲಿಂದ ಶುರು ಮಾಡ್ಲಿ?

ನಾನು: ಮೊದಲು ಚಕ್ರ, ಟಯರ್ ಯಾವುದು ಅಂತ ತೀರ್ಮಾನ ಮಾಡು. ಆಮೇಲೆ ಸಸ್ಪೆನ್ಷನ್ ಎತ್ತರ. ಫೆಂಡರ್ ಕೊನೆಗೆ. ಅಳತೆ ತಗೊಳ್ಳುವಾಗ ನಾಲ್ಕು ಜನ ಕೂತಿರಲಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡು. ಗಾಡಿ ಖಾಲಿ ನಿಂತಾಗ ತಾಗದ ಟಯರ್ ಭಾರ ಬಿದ್ದಾಗ ತಾಗುತ್ತೆ.

ಚಿಕ್ಕಪ್ಪ: ಭಾನುವಾರ ನಾನೂ ಬರ್ತೀನಿ, ಹಿಂದಿನ ಸೀಟಲ್ಲಿ ಕೂತ್ಕೋತೀನಿ. ಗರಗಸ ಮಾತ್ರ ತರಬೇಡ್ರೋ.

ತಮ್ಮ: ಅಳತೆ ಟೇಪು, ಸೀಮೆಸುಣ್ಣ ಅಷ್ಟೇ ಚಿಕ್ಕಪ್ಪ.