ಅಪ್‌ಡೇಟ್: ಅಕ್ಕನ ಬ್ರಾಫ್ ವರದಿ, ಶಸ್ತ್ರಚಿಕಿತ್ಸೆಯ ನಂತರ

ಅಕ್ಕನಿಗೆ (42 ವರ್ಷ) ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ (ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯ ಬಗೆ) ಎಂದು ತಿಳಿದಾಗ, ಸೂಜಿ ಪರೀಕ್ಷೆಯ ವರದಿಯಲ್ಲಿ ‘ಬ್ರಾಫ್ ವಿ600ಇ ಪಾಸಿಟಿವ್’ (ಗಡ್ಡೆಯ ಜೀವಕೋಶಗಳಲ್ಲಿ ಬ್ರಾಫ್ ಎಂಬ ಜೀನ್ ರೂಪಾಂತರಗೊಂಡಿದೆ ಎಂದರ್ಥ) ಎಂದಿರುವುದು ಅಪಾಯದ ಸೂಚನೆಯೇ ಎಂದು ಕೇಳಿದ್ದೆ. ಧೈರ್ಯ ಹೇಳಿದವರಿಗೆಲ್ಲ ಮೊದಲು ನಮಸ್ಕಾರ.

ಶಸ್ತ್ರಚಿಕಿತ್ಸೆ ಮುಗಿದಿದೆ. ಗಡ್ಡೆ 1.8 ಸೆಂ.ಮೀ., ಗ್ರಂಥಿಯ ಹೊರಗೆ ಹಬ್ಬಿಲ್ಲ, ದುಗ್ಧಗ್ರಂಥಿಗಳೂ ಸ್ವಚ್ಛ. ಬ್ರಾಫ್ ವಿಷಯ ಎತ್ತಿದಾಗ ವೈದ್ಯರು ನಕ್ಕರು. ಈ ರೂಪಾಂತರ ಪ್ಯಾಪಿಲರಿ ಕ್ಯಾನ್ಸರ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇರುತ್ತದಂತೆ; ಅದೊಂದನ್ನೇ ಹಿಡಿದು ಭವಿಷ್ಯ ಹೇಳಲಾಗದು. ಅವರು ನಿಜವಾಗಿ ಹುಡುಕುತ್ತಿದ್ದುದು ಟರ್ಟ್ ಎಂಬ ಇನ್ನೊಂದು ಜೀನ್‌ನ ನಿಯಂತ್ರಣ ಭಾಗದಲ್ಲಾಗುವ ‘ಟರ್ಟ್ ಪ್ರಮೋಟರ್’ ರೂಪಾಂತರವನ್ನು. ಬ್ರಾಫ್ ಜೊತೆ ಅದೂ ಸೇರಿದರೆ ರೋಗ ಮರುಕಳಿಸುವ ಸಾಧ್ಯತೆಯೂ ಸಾವಿನ ಅಪಾಯವೂ ಏರುತ್ತವೆ. ಅಕ್ಕನಲ್ಲಿ ಅದು ಇಲ್ಲ. 55ಕ್ಕಿಂತ ಕಡಿಮೆ ವಯಸ್ಸು, ದೂರದ ಅಂಗಗಳಿಗೆ ಹರಡಿಲ್ಲ, ಹಾಗಾಗಿ ಒಂದನೇ ಹಂತ. ಉಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡುವ ವಿಕಿರಣ ಅಯೋಡಿನ್ ಚಿಕಿತ್ಸೆ ಸದ್ಯಕ್ಕೆ ಬೇಡ ಎಂದಿದ್ದಾರೆ.

ಇಷ್ಟನ್ನು ವರದಿ ಕೊಟ್ಟ ಪ್ರಯೋಗಾಲಯದವರು ಒಂದು ಸಾಲಿನಲ್ಲಿ ಬರೆದಿದ್ದರೆ ನಮಗೆ ಮೂರು ವಾರಗಳ ನಿದ್ದೆ ಉಳಿಯುತ್ತಿತ್ತು. ದಪ್ಪ ಕೆಂಪು ಅಕ್ಷರದಲ್ಲಿ ‘ಪಾಸಿಟಿವ್’ ಎಂದು ಅಚ್ಚು ಹಾಕಿ ಕೈತೊಳೆದುಕೊಂಡಿದ್ದರು.

ಶಸ್ತ್ರಚಿಕಿತ್ಸೆಯ ಎರಡನೇ ದಿನ ಅಕ್ಕನ ಬೆರಳತುದಿ, ತುಟಿಯ ಸುತ್ತ ಜುಮುಜುಮು ಶುರುವಾಯಿತು, ಕ್ಯಾಲ್ಸಿಯಂ ಇಳಿದಿತ್ತು. ಮಾತ್ರೆಗೆ ತಹಬಂದಿಗೆ ಬಂತು. ರೋಗ ಮರುಕಳಿಸಿದೆಯೇ ಎಂದು ನೋಡಲು ಇನ್ನು ಆಗಾಗ ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಕೋಶಗಳು ತಯಾರಿಸುವ ಪ್ರೋಟೀನ್) ರಕ್ತಪರೀಕ್ಷೆ, ಕುತ್ತಿಗೆಯ ಸ್ಕ್ಯಾನ್. ಅವಳ ದೂರು ಒಂದೇ: ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ ನುಂಗಿ ಒಂದು ಗಂಟೆ ಕಾಫಿಗೆ ಕಾಯಬೇಕು.