ಲಿಯೋನಿ ಲಾ ಫೊಂಟೇನ್ ಜೀವನಚರಿತ್ರೆ: ವಿಮರ್ಶೆಗೆ ಮುನ್ನ ಏನೇನು ನೋಡಬೇಕು?

ಡೊಂಬಿವಲಿ ಓದುಗಿ: ಮುಂಬಯಿಯ ಕನ್ನಡ ಮಾಸಿಕವೊಂದಕ್ಕೆ ಬೆಲ್ಜಿಯಂನ ಶಾಂತಿ ಹೋರಾಟಗಾರ್ತಿ ಲಿಯೋನಿ (1857–1949) ಜೀವನಚರಿತ್ರೆಯ ವಿಮರ್ಶೆ ಬರೆಯಬೇಕು, 800 ಪದ. ನನ್ನ ಫ್ರೆಂಚ್ ಅಷ್ಟಕ್ಕಷ್ಟೇ. ಎಲ್ಲಿಂದ ಶುರುಮಾಡಲಿ?

ಮಾಟುಂಗಾ: ಮೇಡಂ, ಪುಸ್ತಕದ ಕೊನೆಯಲ್ಲಿರುವ ಟಿಪ್ಪಣಿಗಳಿಂದ. ಆಕೆಯ ಕಾಗದಪತ್ರಗಳು ಬೆಲ್ಜಿಯಂನ ಮೊನ್ಸ್ ನಗರದ ಮುಂಡಾನೆಯಂ ಎಂಬ ದಾಖಲೆ ಸಂಗ್ರಹಾಲಯದಲ್ಲಿವೆ. ಆ ಕಡತಗಳ ಉಲ್ಲೇಖ ಬೆರಳೆಣಿಕೆಯಷ್ಟಿದ್ದರೆ ಅನುಮಾನಪಡಿ. ಅಣ್ಣ ಹೆನ್ರಿಗೆ 1913ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದೇ ದೊಡ್ಡ ತೊಡಕು, ಪುಟಗಟ್ಟಲೆ ಅವರೇ ಆವರಿಸಿಬಿಡುತ್ತಾರೆ. 1909ರಲ್ಲಿ ಈಕೆ ಕಟ್ಟಿದ ಮಹಿಳಾ ದಾಖಲಾತಿ ಕಚೇರಿಗೆ ಎಷ್ಟು ಪುಟ ಸಿಕ್ಕಿದೆ, ಎಣಿಸಿ ನೋಡಿ.

ಕಲೀನಾ: 1915ರ ಅಧ್ಯಾಯವನ್ನು ಎರಡು ಸಲ ಓದಿ. ಮೊದಲ ಮಹಾಯುದ್ಧದ ನಡುವೆ ಶಾಂತಿಗಾಗಿ ನಡೆದ ಹೇಗ್ ಮಹಿಳಾ ಸಮ್ಮೇಳನಕ್ಕೆ ಬೆಲ್ಜಿಯಂನಿಂದ ಬಂದವರು ಐವರೇ. ದೇಶ ಜರ್ಮನ್ನರ ಕೈಯಲ್ಲಿದ್ದಾಗ ಶಾಂತಿಯ ಮಾತೆತ್ತುವುದೇ ದ್ರೋಹ ಎನ್ನುವವರಿದ್ದರು. ಈ ಇಕ್ಕಟ್ಟನ್ನು ಹಾರಿಸಿ ಬರೆದ ಪುಸ್ತಕ ಬರೀ ಹೊಗಳಿಕೆ. ಸಮ್ಮೇಳನದ ವರದಿ ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರರಲ್ಲೂ ಇದೆ, ಪ್ರತಿನಿಧಿಗಳ ಹೆಸರನ್ನು ಅದರೊಂದಿಗೆ ತಾಳೆನೋಡಿ.

ಠಾಣೆ: ಹಳೆಯ ಪತ್ರಿಕೆಗಳು ಬೆಲ್ಜಿಯಂ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣ ಬೆಲ್ಜಿಕಾಪ್ರೆಸ್‌ನಲ್ಲಿ ಪುಕ್ಕಟೆ. ಬರೀ ‘ಲಾ ಫೊಂಟೇನ್’ ಎಂದು ಹುಡುಕಿದರೆ ಅದೇ ಹೆಸರಿನ ಫ್ರೆಂಚ್ ನೀತಿಕಥೆಗಳ ಕವಿಯೇ ಸಾಲುಗಟ್ಟಿ ಬರುತ್ತಾನೆ! ಲಿಯೋನಿ ಇದ್ದ ಸಂಘದ ಹೆಸರು, ವರ್ಷ ಸೇರಿಸಿ. ಮತದಾನದ ಇಸವಿಗಳನ್ನೂ ಗಮನಿಸಿ: ಸ್ಥಳೀಯ ಚುನಾವಣೆಗೆ ಮಹಿಳೆಯರಿಗೆ ಹಕ್ಕು 1920ರಲ್ಲಿ, ಸಂಸತ್ತಿಗೆ 1948ರಲ್ಲಿ. ಇವೆರಡನ್ನು ಕಲಸಿಬಿಡುವವರೇ ಹೆಚ್ಚು.

ಮಾಟುಂಗಾ: 800 ಪದದಲ್ಲಿ ಕಥಾಸಾರ 200 ದಾಟದಿರಲಿ.